ನಾಜಿಗಳ ಮುಂದೆ ಗೋಲು ಹೊಡೆದವನ ಕಾಫಿ ಅಂಗಡಿ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ನೋಡಿದವರು ಬೇಕಾದಷ್ಟು ಜನ ಇದ್ದಾರೆ. ಜಾತ್ರೆ ಮುಗಿದ ಮೇಲಿನ ಬಯಲು ನೋಡಿದವರು ಕಡಿಮೆ. ಹಳ್ಳಿಕಾರ್ ಜೋಡಿಗಳು ಹೋಗಿರುತ್ತವೆ, ಚಪ್ಪರ ಬಿಚ್ಚಿರುತ್ತಾರೆ. ಉಳಿಯೋದು ಗೂಟ ಕಿತ್ತ ಗುಂಡಿ, ಒಣಗಿದ ಸಗಣಿ, ತುಳಿದ ಹುಲ್ಲು. ಅಂಥ ಬಯಲಿನಲ್ಲೇ ನಾವು ಹುಡುಗರು ಬೇಸಿಗೆ ರಜೆಯಲ್ಲಿ ಫುಟ್ಬಾಲ್ ಆಡುತ್ತಿದ್ದೆವು. ಕ್ರಿಕೆಟ್ ಕಿಟ್ ಕೊಳ್ಳುವ ದುಡ್ಡು ಯಾರ ಹತ್ರಾನೂ ಇರಲಿಲ್ಲ. ಒಂದು ಚೆಂಡು, ನಾಲ್ಕು ಕಲ್ಲು ಇದ್ರೆ ಫುಟ್ಬಾಲ್ ನಡೆಯುತ್ತೆ.

ಒಂದು ವರ್ಷ ಸುತ್ತಲ ಹಳ್ಳಿಗಳ ಆರು ಟೀಮ್ ಸೇರಿಸಿ ಲೀಗ್ ಮಾಡಿದೆವು. ಲೆಕ್ಕದ ಪುಸ್ತಕ ನನ್ನ ಕೈಲಿ. ಮುಂದೆ ಎಂಜಿನಿಯರಿಂಗ್ ಓದುವ ದುರದೃಷ್ಟ ಆಗಲೇ ಕಾಣಿಸುತ್ತಿತ್ತು ಅನ್ನಿ. ಆರನೇ ಟೀಮು ಇಟ್ಟಿಗೆ ಗೂಡಿನ ಹುಡುಗರದ್ದು. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ಇರುವವರಿಗೆ ಗೊತ್ತು: ಮಳೆ ನಿಂತ ಮೇಲೆ ಎಲ್ಲಿಂದಲೋ ಕುಟುಂಬಗಳು ಬಂದು ಗೂಡಿನ ಪಕ್ಕ ಗುಡಿಸಲು ಹಾಕುತ್ತವೆ. ಮುಂಗಡ ತಗೊಂಡಿರ್ತಾರೆ, ಆ ಸಾಲ ತೀರೋದು ಯಾವಾಗ ಅಂತ ಅವರಿಗೇ ಗೊತ್ತಿರಲ್ಲ. ಮುಂಗಾರಿನ ಮೊದಲ ಮಳೆಗೆ ಗೂಡು ನಿಲ್ಲುತ್ತೆ, ಅವರು ಹೊರಡುತ್ತಾರೆ. ಆ ಟೀಮಿನಲ್ಲೊಬ್ಬ ಕಡ್ಡಿಯಂಥ ಹುಡುಗ ಇದ್ದ. ಅವನ ಕಾಲಿಂದ ಚೆಂಡು ಕಸಿಯೋಕೆ ನಮ್ಮ ಕೈಲಿ ಆಗಲಿಲ್ಲ. 3-1ರಲ್ಲಿ ನಮ್ಮನ್ನು ಸೋಲಿಸಿದರು. ಆ ವರ್ಷ ಮಳೆ ಬೇಗ ಬಂತು. ಒಂದು ಬೆಳಿಗ್ಗೆ ನೋಡಿದ್ರೆ ಗುಡಿಸಲೇ ಇಲ್ಲ.

ಅರ್ಧಕ್ಕೆ ಬಿಟ್ಟುಹೋದ ಟೀಮಿನ ಪಂದ್ಯ ಲೆಕ್ಕಕ್ಕಿಲ್ಲ ಅಂತ ನಾವೇ ನಿಯಮ ಮಾಡಿಕೊಂಡೆವು. ಸ್ಕೇಲ್ ಇಟ್ಟು ಅವರ ಸಾಲಿನ ಮೇಲೆ ಗೆರೆ ಎಳೆದವನು ನಾನೇ. ಅವರ ಜೊತೆಗೆ ನಮ್ಮ ಸೋಲೂ ಅಳಿಸಿಹೋಯ್ತು, ಎರಡನೇ ಸ್ಥಾನದಲ್ಲಿದ್ದ ನಾವು ಮೊದಲನೆಯವರಾದೆವು. ಬಹುಮಾನ ಒಂದು ಸ್ಟೀಲ್ ತಟ್ಟೆ. ಅದರಲ್ಲಿ ಊಟ ಮಾಡುವಾಗ ನನಗೆ ಯಾವತ್ತೂ ಏನೂ ಅನ್ನಿಸಿರಲಿಲ್ಲ. ಸುಮಾರು ಇಪ್ಪತ್ತು ವರ್ಷ ಆದಮೇಲೆ, ಆಸ್ಟ್ರಿಯಾದ ಹಳೆಯ ಫುಟ್ಬಾಲ್ ಬಗ್ಗೆ ಓದುತ್ತಾ 1937-38ರ ಎರಡನೇ ಡಿವಿಷನ್ ಸೀಸನ್‌ಗೆ ಬಂದಾಗ ಅದು ನೆನಪಾಯ್ತು. ಅಲ್ಲೂ ಒಂದು ತಂಡ ಸೀಸನ್ ಮಧ್ಯದಲ್ಲಿ ಮಾಯವಾಗಿತ್ತು, ಅದು ಆಡಿದ್ದ ಪಂದ್ಯಗಳೆಲ್ಲ ರದ್ದಾಗಿದ್ದವು. ತಂಡದ ಹೆಸರು ಹಕೋವಾ. ಆದರೆ ಆ ಸೀಸನ್ ಬಗ್ಗೆ ಯಾರೂ ಮಾತಾಡಲ್ಲ. ಅದೇ ಊರಲ್ಲಿ, ಅದೇ ತಿಂಗಳುಗಳಲ್ಲಿ, ಮೇಲಿನ ಡಿವಿಷನ್‌ನಲ್ಲಿ ಆಡುತ್ತಿದ್ದ ಒಬ್ಬನ ಕಥೆಯನ್ನು ಮಾತ್ರ ಎಲ್ಲರೂ ಹೇಳ್ತಾರೆ. ಅವನೇ ಮಥಿಯಾಸ್ ಸಿಂಡೆಲಾರ್.

ಸಿಂಡೆಲಾರ್ ಹುಟ್ಟಿದ್ದು 1903ರ ಫೆಬ್ರವರಿ 10ರಂದು, ಮೊರಾವಿಯಾದ ಕೊಜ್ಲೊವ್ ಅನ್ನೋ ಹಳ್ಳಿಯಲ್ಲಿ. ಈಗ ಅದು ಚೆಕ್ ದೇಶದಲ್ಲಿದೆ, ಆಗ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಭಾಗ. ಅಪ್ಪ ಗಾರೆ ಕೆಲಸದವನು. ಮಗು ಇನ್ನೂ ಚಿಕ್ಕದಿರುವಾಗಲೇ ಸಂಸಾರ ಕಟ್ಟಿಕೊಂಡು ವಿಯೆನ್ನಾಗೆ ಬಂದ. ಇಳಿದದ್ದು ಫಾವೊರಿಟನ್ ಎಂಬ ಕಡೆ. ವಿಯೆನ್ನಾದ ಅರಮನೆಯಂಥ ಬೀದಿಗಳಿಗೆಲ್ಲ ಇಟ್ಟಿಗೆ ಹೋಗಿದ್ದು ಅಲ್ಲಿನ ಗೂಡುಗಳಿಂದ. ಗೂಡಿನಲ್ಲಿ ದುಡಿದವರು ಬೊಹೀಮಿಯಾ, ಮೊರಾವಿಯಾಗಳಿಂದ ವಲಸೆ ಬಂದ ಚೆಕ್ ಜನ. ಅವರ ಸ್ಥಿತಿ ಹೇಗಿತ್ತು ಅಂತ 1888ರಲ್ಲಿ ವಿಕ್ಟರ್ ಆಡ್ಲರ್ ಎಂಬ ವೈದ್ಯ ಕಣ್ಣಾರೆ ನೋಡಿ ಪತ್ರಿಕೆಯಲ್ಲಿ ಬರೆದ: ಕೂಲಿ ನಾಣ್ಯದಲ್ಲಿ ಕೊಡುತ್ತಿರಲಿಲ್ಲ, ತಗಡಿನ ಬಿಲ್ಲೆ ಕೊಡುತ್ತಿದ್ದರು, ಆ ಬಿಲ್ಲೆ ನಡೆಯುತ್ತಿದ್ದುದು ಗೂಡಿನೊಳಗಿನ ಅಂಗಡಿಯಲ್ಲಿ ಮಾತ್ರ. ಆಸ್ಟ್ರಿಯಾದ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ಗಟ್ಟಿಯಾಗಿದ್ದು ಇಂಥ ಹೋರಾಟಗಳಿಂದ. ನಮ್ಮ ಕಡೆಯ ಗೂಡುಗಳಲ್ಲಿ ಬಿಲ್ಲೆ ಇಲ್ಲ, ಮುಂಗಡ ಇದೆ. ವ್ಯತ್ಯಾಸ ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಅಪ್ಪ ಮೊದಲ ಮಹಾಯುದ್ಧಕ್ಕೆ ಹೋದವನು 1917ರಲ್ಲಿ ಇಟಲಿ ಗಡಿಯ ಇಸೊಂಜೊದಲ್ಲಿ ಸತ್ತ. ಅಮ್ಮ ಬೇರೆಯವರ ಬಟ್ಟೆ ಒಗೆದು ಒಬ್ಬ ಮಗ, ಮೂವರು ಹೆಣ್ಣುಮಕ್ಕಳನ್ನು ಸಾಕಿದಳು. ಹುಡುಗ ಕಬ್ಬಿಣದ ಕೆಲಸ ಕಲಿಯೋಕೆ ಸೇರಿದ, ಸಂಜೆ ಬೀದಿಯಲ್ಲಿ ಚಿಂದಿ ಚೆಂಡು ಒದ್ದ. 1918ರಲ್ಲಿ, ಹದಿನೈದನೇ ವಯಸ್ಸಿಗೆ, ಫಾವೊರಿಟನ್ನಿನ ಹೆರ್ತಾ ಕ್ಲಬ್ ಸೇರಿದ.

ಆಮೇಲೆ ಮಂಡಿ ಹೋಯಿತು. 1923ರಲ್ಲಿ ಈಜುಕೊಳದ ಬಳಿ ಜಾರಿಬಿದ್ದು ಮಂಡಿಯೊಳಗಿನ ಮೆತ್ತೆ ಹರಿಯಿತು. ಆ ಕಾಲಕ್ಕೆ ಅದು ಆಟದ ಬದುಕು ಮುಗಿಸುವಂಥ ಪೆಟ್ಟು. ಹಾನ್ಸ್ ಸ್ಪಿಟ್ಸಿ ಎಂಬ ಸರ್ಜನ್ ಆಪರೇಷನ್ ಮಾಡಿ ಸರಿಪಡಿಸಿದ. ಅಲ್ಲಿಂದ ಮುಂದೆ ಸಿಂಡೆಲಾರ್ ಬಲಗಾಲಿಗೆ ಪಟ್ಟಿ ಕಟ್ಟಿಕೊಂಡೇ ಆಡಿದ, ಮೈಗೆ ಮೈ ತಾಗಿಸೋದನ್ನು ಬಿಟ್ಟ. ಯಾರಾದರೂ ನುಗ್ಗಿ ಬಂದರೆ ಅವನು ಅಲ್ಲಿರುತ್ತಲೇ ಇರಲಿಲ್ಲ. ಒದೆತ ತಿನ್ನಬಾರದು ಅನ್ನೋ ಭಯದಲ್ಲಿ ಹುಟ್ಟಿದ್ದನ್ನೇ ಜನ ಕಲೆ ಅಂದರು. ಸಣಕಲು ದೇಹ, ಸಂದಿಯಲ್ಲಿ ತೂರಿಹೋಗುವ ಓಟ. ಕಾಗದದ ಮನುಷ್ಯ ಅಂತ ಅಡ್ಡಹೆಸರು ಬಂತು.

1924ರಲ್ಲಿ ಹೆರ್ತಾ ದುಡ್ಡಿಲ್ಲದೆ ಒದ್ದಾಡುತ್ತಿದ್ದಾಗ ಆತ ಅಮೆಚೂರ್ ಎಂಬ ಕ್ಲಬ್ಬಿಗೆ ಹೋದ. ಎರಡು ವರ್ಷದಲ್ಲಿ ಅದರ ಹೆಸರು ಆಸ್ಟ್ರಿಯಾ ವಿಯೆನ್ನಾ ಅಂತಾಯಿತು. ಇಲ್ಲಿ ವಿಯೆನ್ನಾದ ಕ್ಲಬ್ಬುಗಳ ಬಗ್ಗೆ ಸ್ವಲ್ಪ ಹೇಳಬೇಕು. ರಾಪಿಡ್ ಅಂದ್ರೆ ಕಾರ್ಮಿಕರ ಟೀಮು. ಆಸ್ಟ್ರಿಯಾ ವಿಯೆನ್ನಾ ಅಂದ್ರೆ ಕಾಫಿ ಹೌಸಿನಲ್ಲಿ ಕೂತು ನಾಟಕ, ಸಂಗೀತ, ರಾಜಕೀಯ ಮಾತಾಡುವವರ ಟೀಮು. ಪದಾಧಿಕಾರಿಗಳಲ್ಲಿ, ಅಭಿಮಾನಿಗಳಲ್ಲಿ ಯಹೂದಿಗಳು ಬಹಳ. ಹಕೋವಾ ಪೂರ್ತಿ ಯಹೂದಿ ಕ್ಲಬ್, 1909ರಲ್ಲಿ ಶುರುವಾದದ್ದು. ಹೀಬ್ರೂ ಭಾಷೆಯಲ್ಲಿ ಆ ಪದಕ್ಕೆ ಶಕ್ತಿ ಎಂಬ ಅರ್ಥ. ಸಮುದಾಯದ ಹೆಸರಲ್ಲಿ ಟೀಮ್ ಕಟ್ಟೋದು ನಮಗೇನೂ ಹೊಸದಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬಾಂಬೆಗೆ ಹೋಗಿ ಕಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗನ್ನು ಸೋಲಿಸಿ ರೋವರ್ಸ್ ಕಪ್ ತಂದಿತ್ತು. ಬೇರೆಯವರ ಕ್ಲಬ್ಬಿನ ಬಾಗಿಲು ಅರ್ಧ ಮುಚ್ಚಿರುವಾಗ ನಮ್ಮದೇ ಒಂದು ಅಂತ ಕಟ್ಟಿಕೊಳ್ಳುವುದು ಒಂದು ಬಗೆಯ ಸ್ವಾಭಿಮಾನ. ಅದಕ್ಕೆ ಅದರದ್ದೇ ತಂಟೆಗಳೂ ಇವೆ, ಅದು ಇನ್ನೊಂದು ಲೇಖನ.

ಹಕೋವಾ ಸಾಧಾರಣ ಟೀಮ್ ಆಗಿರಲಿಲ್ಲ. 1923ರಲ್ಲಿ ಲಂಡನ್ನಿಗೆ ಹೋಗಿ ವೆಸ್ಟ್ ಹ್ಯಾಮ್ ತಂಡವನ್ನು 5-0 ಗೋಲುಗಳಿಂದ ಸೋಲಿಸಿತು. ಇಂಗ್ಲಿಷ್ ತಂಡವನ್ನು ಅದರ ನೆಲದಲ್ಲೇ ಯುರೋಪಿನ ಬೇರೆ ದೇಶದ ಕ್ಲಬ್ ಒಂದು ಸೋಲಿಸಿದ್ದು ಅದೇ ಮೊದಲು. 1924-25ರಲ್ಲಿ ಆಸ್ಟ್ರಿಯಾ ವೃತ್ತಿಪರ ಲೀಗ್ ಶುರು ಮಾಡಿದಾಗ ಮೊದಲ ಚಾಂಪಿಯನ್ ಇದೇ ಹಕೋವಾ. ಚಾಂಪಿಯನ್‌ಶಿಪ್ ಖಚಿತಪಡಿಸಿದ ಪಂದ್ಯದಲ್ಲಿ ಗೋಲ್‌ಕೀಪರ್ ಫಾಬಿಯಾನ್ ಕೈ ಮುರಿದುಕೊಂಡ. ಆಗ ಬದಲಿ ಆಟಗಾರರ ಪದ್ಧತಿ ಇರಲಿಲ್ಲ. ಕೈಗೆ ಜೋಳಿಗೆ ಕಟ್ಟಿಕೊಂಡು ಮುಂದಿನ ಸಾಲಿಗೆ ಹೋಗಿ ನಿಂತ, ಗೆಲುವಿನ ಗೋಲು ಹೊಡೆದವನೂ ಅವನೇ. ಸಿನಿಮಾದಲ್ಲಿ ತೋರಿಸಿದ್ರೆ ಓವರ್ ಆಯ್ತು ಅಂತೀವಿ. 1926ರಲ್ಲಿ ತಂಡ ಅಮೆರಿಕಾ ಪ್ರವಾಸಕ್ಕೆ ಹೋಯಿತು, ನ್ಯೂಯಾರ್ಕಿನ ಒಂದೇ ಪಂದ್ಯಕ್ಕೆ 46,000 ಜನ ಸೇರಿದರು. ಯಹೂದಿ ಅಂದ ಕೂಡಲೇ ಮುಖ ಸಿಂಡರಿಸದ ಊರು ನೋಡಿದ ಆಟಗಾರರು ಒಬ್ಬೊಬ್ಬರಾಗಿ ಅಲ್ಲೇ ಉಳಿದರು. ಹೀಗೆ ಆಟಗಾರರನ್ನು ಕಳೆದುಕೊಂಡ ಹಕೋವಾ 1928ರಲ್ಲಿ ಎರಡನೇ ಡಿವಿಷನ್‌ಗೆ ಬಿತ್ತು. ಆಮೇಲಿನ ಹತ್ತು ವರ್ಷ ಹತ್ತೋದು, ಇಳಿಯೋದು, ಅಷ್ಟೇ.

ಇತ್ತ ಸಿಂಡೆಲಾರ್ 1926ರ ಸೆಪ್ಟೆಂಬರ್‌ನಲ್ಲಿ ಪ್ರಾಗ್‌ನಲ್ಲಿ ಚೆಕೊಸ್ಲೊವಾಕಿಯಾ ವಿರುದ್ಧ ದೇಶಕ್ಕಾಗಿ ಮೊದಲ ಪಂದ್ಯ ಆಡಿ ಗೋಲು ಹೊಡೆದ. ತಾನು ಹುಟ್ಟಿದ ನೆಲ ಈಗ ಎದುರಾಳಿಯ ದೇಶ. ತಂಡ ನಡೆಸುತ್ತಿದ್ದವನು ಹ್ಯೂಗೋ ಮೈಸ್ಲ್, ಯಹೂದಿ ಮನೆತನದ ಮಾಜಿ ಬ್ಯಾಂಕ್ ನೌಕರ, ಹಟಮಾರಿ. ಒಂದು ಸೋಲಿನ ನಂತರ ಆತ ಸಿಂಡೆಲಾರ್‌ನನ್ನು ತಂಡದಿಂದ ಕೈಬಿಟ್ಟ, ಎರಡು ವರ್ಷಕ್ಕೂ ಹೆಚ್ಚು ಕಾಲ ತಿರುಗಿ ನೋಡಲಿಲ್ಲ. ಮೈಸ್ಲ್ ದಿನಾ ಕೂರುತ್ತಿದ್ದ ಕಾಫಿ ಹೌಸಿನಲ್ಲಿ ಪತ್ರಕರ್ತರು ಮುಗಿಬಿದ್ದು ಒತ್ತಾಯ ಮಾಡಿದ ಮೇಲೆ ಮರಳಿ ಕರೆದ ಅನ್ನೋ ಕಥೆ ಪ್ರಸಿದ್ಧ. 1931ರ ಮೇ 16ರಂದು ವಿಯೆನ್ನಾದಲ್ಲಿ ಸ್ಕಾಟ್ಲೆಂಡ್ 5-0ರಿಂದ ಸೋತಿತು. ಎಂಟು ದಿನ ಕಳೆದ ಮೇಲೆ ಬರ್ಲಿನ್‌ನಲ್ಲಿ ಜರ್ಮನಿ 6-0. ಸೆಪ್ಟೆಂಬರ್‌ನಲ್ಲಿ ಜರ್ಮನಿ ಮತ್ತೆ 5-0. ಮುಂದಿನ ಏಪ್ರಿಲ್‌ನಲ್ಲಿ ಹಂಗೇರಿ 8-2, ಅದರಲ್ಲಿ ಮೂರು ಗೋಲು ಸಿಂಡೆಲಾರ್‌ದು. ಈ ತಂಡಕ್ಕೆ ಅದ್ಭುತ ತಂಡ ಅನ್ನೋ ಅರ್ಥದಲ್ಲಿ ವುಂಡರ್‌ಟೀಮ್ ಅಂದರು. 1932ರ ಡಿಸೆಂಬರ್ 7ರಂದು ಲಂಡನ್ನಿನಲ್ಲಿ ಇಂಗ್ಲೆಂಡ್ ವಿರುದ್ಧ 4-3ರಿಂದ ಸೋತಾಗಲೂ ಹೊಗಳಿಸಿಕೊಂಡಿದ್ದು ಸೋತವರೇ.

ಆಟ ಹೇಗಿತ್ತು? ಆ ಕಾಲದಲ್ಲಿ ಸೆಂಟರ್ ಫಾರ್ವರ್ಡ್ ಅಂದರೆ ಗೋಲಿನ ಮುಂದೆ ನಿಂತು ಬಂದದ್ದನ್ನು ಒಳಗೆ ತಳ್ಳುವ ಗಟ್ಟಿ ಆಳು. ಸಿಂಡೆಲಾರ್ ಗೋಲು ಬಿಟ್ಟು ಹಿಂದಕ್ಕೆ ಬರುತ್ತಿದ್ದ. ಅವನನ್ನು ಕಾಯಬೇಕಾದ ಡಿಫೆಂಡರ್‌ಗೆ ಫಜೀತಿ: ಹಿಂದೆ ಹೋದರೆ ಜಾಗ ಖಾಲಿ, ನಿಂತರೆ ಇವನು ಆರಾಮಾಗಿ ತಿರುಗಿ ಪಾಸ್ ಕೊಡುತ್ತಾನೆ. ಈಗಿನ ಹುಡುಗರು ಮೆಸ್ಸಿಯ ಆಟದಲ್ಲಿ ನೋಡಿದ್ದು ಇದನ್ನೇ. ದೇಶಕ್ಕಾಗಿ 43 ಪಂದ್ಯ ಆಡಿ 26 ಗೋಲು ಹೊಡೆದ ಅಂದರೆ ಅವನ ಆಟದ ಅರ್ಧ ಮಾತ್ರ ಹೇಳಿದ ಹಾಗೆ, ಉಳಿದ ಅರ್ಧ ಬೇರೆಯವರ ಹೆಸರಿನ ಮುಂದಿದೆ. ಕ್ಲಬ್ಬಿಗಾಗಿ 1933ರಲ್ಲೂ 1936ರಲ್ಲೂ ಮಧ್ಯ ಯುರೋಪಿನ ಮಿಟ್ರೋಪಾ ಕಪ್ ಗೆದ್ದ. 1933ರ ಫೈನಲ್‌ನಲ್ಲಿ ಮಿಲಾನ್‌ನ ಅಂಬ್ರೋಸಿಯಾನಾ ವಿರುದ್ಧ ವಿಯೆನ್ನಾದಲ್ಲಿ ಹೊಡೆದ ಮೂರೂ ಗೋಲು ಅವನದ್ದೇ. ಸೂಟು, ಗಡಿಯಾರಗಳ ಜಾಹೀರಾತಿನಲ್ಲಿ ಅವನ ಮುಖ ಬಂತು. ಬಟ್ಟೆ ಒಗೆಯುವವಳ ಮಗ ಊರಿನ ಸ್ಟಾರ್ ಆದ. ಆದರೂ ಫಾವೊರಿಟನ್ ಬಿಡಲಿಲ್ಲ.

ಇದೇ ವರ್ಷಗಳಲ್ಲಿ ಸುಭಾಷ್‌ಚಂದ್ರ ಬೋಸ್ ಚಿಕಿತ್ಸೆಗೆ ಅಂತ ಬಂದು ವಿಯೆನ್ನಾದಲ್ಲಿದ್ದರು. ಅವರು ಮ್ಯಾಚ್ ನೋಡಿದರೋ ಇಲ್ಲವೋ, ಊರು ಒಡೆಯುವುದನ್ನಂತೂ ಹತ್ತಿರದಿಂದ ಕಂಡರು. 1934ರ ಫೆಬ್ರವರಿಯಲ್ಲಿ ಡೋಲ್ಫಸ್ ಸರ್ಕಾರ ಕಾರ್ಮಿಕರ ವಸತಿ ಕಟ್ಟಡ ಕಾರ್ಲ್ ಮಾರ್ಕ್ಸ್ ಹೋಫ್ ಮೇಲೆ ಫಿರಂಗಿ ಹಾರಿಸಿತು, ಸೋಷಿಯಲ್ ಡೆಮಾಕ್ರಟಿಕ್ ಪಕ್ಷವನ್ನು ನಿಷೇಧಿಸಿತು. ಇದನ್ನು ಮರೆಯಬಾರದು. 1938ರಲ್ಲಿ ಹಿಟ್ಲರ್ ಬಂದು ಪ್ರಜಾಪ್ರಭುತ್ವ ಕೊಂದ ಅಂತ ಸುಲಭವಾಗಿ ಹೇಳ್ತೀವಿ. ವಿಯೆನ್ನಾದಲ್ಲಿ ಅದು ಸತ್ತು ಆಗಲೇ ನಾಲ್ಕು ವರ್ಷವಾಗಿತ್ತು. ಅದೇ ವರ್ಷದ ವಿಶ್ವಕಪ್‌ನಲ್ಲಿ ಆಸ್ಟ್ರಿಯಾ ಸೆಮಿಫೈನಲ್‌ವರೆಗೆ ಹೋಗಿ, ಮಿಲಾನ್‌ನ ಕೆಸರಿನಲ್ಲಿ ಮುಸೊಲಿನಿಯ ಇಟಲಿಗೆ 1-0ರಿಂದ ಸೋತಿತು. 1937ರ ಫೆಬ್ರವರಿಯಲ್ಲಿ ಮೈಸ್ಲ್ ತೀರಿಕೊಂಡ. ಮುಂದಿನದನ್ನು ನೋಡದೆ ಹೋದದ್ದು ಅವನ ಪುಣ್ಯ ಅನ್ನಬೇಕು.

ಇನ್ನು ಆ ಸೀಸನ್. 1936-37ರಲ್ಲಿ ಹಕೋವಾ ಮತ್ತೊಮ್ಮೆ ಮೇಲಿನ ಲೀಗ್‌ನಿಂದ ಜಾರಿತ್ತು. 1937ರ ಶರತ್ಕಾಲದಲ್ಲಿ ಎರಡನೇ ಡಿವಿಷನ್‌ನಲ್ಲಿ ಆಟ ಶುರುವಾಯಿತು. ಎರಡನೇ ಡಿವಿಷನ್ ಯಾವ ದೇಶದ್ದಾದರೂ ಒಂದೇ ಥರ. ಬೆಂಗಳೂರಿನ ಎ ಡಿವಿಷನ್, ಬಿ ಡಿವಿಷನ್ ಪಂದ್ಯಗಳಿಗೆ ಹೋದವರಿಗೆ ಗೊತ್ತಿರುತ್ತೆ: ಪತ್ರಿಕೆಯಲ್ಲಿ ಎರಡು ಸಾಲು, ಗ್ಯಾಲರಿಯಲ್ಲಿ ಆಟಗಾರರ ಅಣ್ಣತಮ್ಮಂದಿರು, ಬೈಗುಳ ನೇರವಾಗಿ ಕಿವಿಗೆ ಬೀಳುವಷ್ಟು ಹತ್ತಿರದ ಗೆರೆ. ಚಳಿಗಾಲದ ಬಿಡುವು ಮುಗಿದು ಎರಡನೇ ಸುತ್ತಿನ ಹೊತ್ತಿಗೆ, 1938ರ ಮಾರ್ಚ್ 12ರಂದು, ಜರ್ಮನ್ ಸೈನ್ಯ ಗಡಿ ದಾಟಿತು. ವಿಯೆನ್ನಾದ ಜನ ಹೂ ಎರಚಿದರು. ಯಹೂದಿಗಳನ್ನು ಬೀದಿಗೆ ಎಳೆದು ರಸ್ತೆ ಉಜ್ಜಿಸಿದವರಲ್ಲಿ ಪಕ್ಕದ ಮನೆಯವರೂ ಇದ್ದರು.

ಹಕೋವಾ ಕ್ಲಬ್ ಮುಚ್ಚಿಸಿದರು. ಪ್ರಾಟರ್ ಉದ್ಯಾನದ ಕ್ರೀಯಾವ್‌ನಲ್ಲಿದ್ದ ಅದರ ಮೈದಾನ ಕಿತ್ತುಕೊಂಡರು. ಆ ಸೀಸನ್‌ನಲ್ಲಿ ಅದು ಆಡಿದ್ದ ಪಂದ್ಯಗಳನ್ನೆಲ್ಲ ರದ್ದು ಮಾಡಿದರು. ಗೆದ್ದದ್ದೂ ಇಲ್ಲ, ಸೋತದ್ದೂ ಇಲ್ಲ. ಇದರ ಲೆಕ್ಕಾಚಾರ ಸ್ವಲ್ಪ ಯೋಚಿಸಿ. ಒಂದು ಟೀಮಿನ ಫಲಿತಾಂಶ ಅಳಿಸಿದರೆ ಅದರ ಜೊತೆ ಆಡಿದ ಎಲ್ಲರ ಅಂಕವೂ ಬದಲಾಗುತ್ತೆ. ಹಕೋವಾ ಕೈಲಿ ಸೋತವರ ಸೋಲು ಮಾಯ, ಗೆದ್ದವರ ಗೆಲುವೂ ಮಾಯ. ಅಂದರೆ ಅದರ ಎದುರಾಳಿಗಳೆಲ್ಲ, ಬೇಕು ಅಂದರೋ ಬಿಟ್ಟರೋ, ಆ ಅಳಿಸುವಿಕೆಯಲ್ಲಿ ಪಾಲುದಾರರಾದರು. ಉಳಿದವರು ಏಪ್ರಿಲ್, ಮೇನಲ್ಲಿ ಎಂದಿನಂತೆ ಆಡಿ ಸೀಸನ್ ಮುಗಿಸಿದರು. ಗೆರೆ ಎಳೆಯೋಕೆ ಒಬ್ಬ ಗುಮಾಸ್ತ, ಒಂದು ಸ್ಕೇಲು ಸಾಕಾಯಿತು.

ಮೇಲಿನ ಡಿವಿಷನ್‌ನಲ್ಲಿ ಆಸ್ಟ್ರಿಯಾ ವಿಯೆನ್ನಾದ ಯಹೂದಿ ಪದಾಧಿಕಾರಿಗಳನ್ನು ಕಿತ್ತುಹಾಕಿ ಪಕ್ಷದವರನ್ನು ಕೂರಿಸಿದರು. ಕ್ಲಬ್ಬಿನ ಹೆಸರನ್ನೇ ಕೆಲಕಾಲ ಬದಲಿಸಿದರು, ಯಾಕಂದ್ರೆ ಆಸ್ಟ್ರಿಯಾ ಅನ್ನೋ ದೇಶವೇ ಈಗ ಇರಲಿಲ್ಲ. ಹಳೆಯ ಅಧ್ಯಕ್ಷ ಡಾಕ್ಟರ್ ಎಮಾನ್ಯುಯೆಲ್ ಶ್ವಾರ್ಟ್ಸ್ ಎದುರು ಸಿಕ್ಕರೆ ಮಾತಾಡಬಾರದು ಅಂತ ಆಟಗಾರರಿಗೆ ಅಪ್ಪಣೆಯಾಯ್ತಂತೆ. ಸಿಂಡೆಲಾರ್ ಮಾತ್ರ ಅವರ ಹತ್ತಿರ ಹೋಗಿ, ತಾನು ಯಾವಾಗಲೂ ನಮಸ್ಕಾರ ಹೇಳೇ ಹೇಳ್ತೀನಿ ಅಂದನಂತೆ. ಕ್ಲಬ್ಬಿನವರು ತಲೆಮಾರುಗಳಿಂದ ಹೇಳಿಕೊಂಡು ಬಂದ ಕಥೆ ಇದು. ನಂಬಬಹುದು ಅಂತ ನನಗನ್ನಿಸುತ್ತೆ. ಶ್ವಾರ್ಟ್ಸ್ ದೇಶ ಬಿಟ್ಟು ಓಡಿ, ಬದುಕುಳಿದು, ಯುದ್ಧದ ನಂತರ ಮರಳಿ ಬಂದು ಮತ್ತೆ ಅಧ್ಯಕ್ಷರಾದರು.

1938ರ ಏಪ್ರಿಲ್ 10ಕ್ಕೆ ವಿಲೀನದ ಬಗ್ಗೆ ಜನಮತಗಣನೆ ಇಟ್ಟಿದ್ದರು. ಒಂದು ವಾರ ಮೊದಲು, ಏಪ್ರಿಲ್ 3ರಂದು, ಪ್ರಾಟರ್ ಸ್ಟೇಡಿಯಂನಲ್ಲಿ ಪ್ರಚಾರದ ಪಂದ್ಯ: ಹಳೆಯ ಆಸ್ಟ್ರಿಯಾ ತಂಡ ಒಂದು ಕಡೆ, ಜರ್ಮನಿ ಇನ್ನೊಂದು ಕಡೆ. ಇನ್ನು ಮೇಲೆ ಎರಡೂ ಒಂದೇ ತಂಡ ಅಂತ ತೋರಿಸೋದು ಉದ್ದೇಶ. ದಂತಕಥೆ ಹುಟ್ಟಿದ್ದು ಇಲ್ಲಿಯೇ. ಮೊದಲಾರ್ಧದಲ್ಲಿ ಸಿಂಡೆಲಾರ್ ಸುಲಭದ ಅವಕಾಶಗಳನ್ನು ಬೇಕಂತಲೇ ಹಾಳುಮಾಡಿದ, ಗೋಲು ಹೊಡೆಯಬಾರದು ಅನ್ನೋ ಅಪ್ಪಣೆಯನ್ನು ಅಣಕಿಸಿದ, ಕೊನೆಗೆ ತಡೆಯಲಾರದೆ ಹೊಡೆದೇಬಿಟ್ಟ, ಗೆಳೆಯ ಸೆಸ್ಟಾ ಎರಡನೆಯದನ್ನು ಹೊಡೆದಾಗ ನಾಜಿ ನಾಯಕರು ಕೂತಿದ್ದ ಗ್ಯಾಲರಿ ಮುಂದೆ ಹೋಗಿ ಕುಣಿದ ಅಂತ ಕಥೆ. ಕೇಳೋಕೆ ಮೈ ಜುಂ ಅನ್ನುತ್ತೆ.

ಖಚಿತವಾಗಿರೋದು ಇಷ್ಟು: ಪಂದ್ಯ 2-0, ಗೋಲು ಸಿಂಡೆಲಾರ್ ಮತ್ತು ಸೆಸ್ಟಾ. ಬೇಕಂತ ತಪ್ಪಿಸಿದ್ದು, ಕುಣಿದದ್ದು ಇವೆಲ್ಲ ಹೆಚ್ಚಾಗಿ ಆಮೇಲಿನ ನೆನಪುಗಳಿಂದ, ಪುಸ್ತಕಗಳಿಂದ ಬೆಳೆದವು. ಒಬ್ಬ ಸ್ಟ್ರೈಕರ್ ಅವಕಾಶ ತಪ್ಪಿಸಿದ್ದು ಪ್ರತಿಭಟನೆಯೋ ಬರೀ ತಪ್ಪೋ ಅಂತ ಗ್ಯಾಲರಿಯಿಂದ ಹೇಗೆ ಹೇಳ್ತೀರಿ? ಒಂದು ವಾರದ ಮೇಲೆ ಜನಮತಗಣನೆಯಲ್ಲಿ ಶೇ. 99.7 ಮಂದಿ ವಿಲೀನಕ್ಕೆ ಹೌದು ಅಂದರು ಅಂತ ಘೋಷಣೆಯಾಯಿತು. ಯಹೂದಿಗಳಿಗೆ ಮತವೇ ಇರಲಿಲ್ಲ. ಅಲ್ಲೂ ಸ್ಕೇಲು, ಗೆರೆ.

ಆ ವರ್ಷದ ವಿಶ್ವಕಪ್‌ಗೆ ಅರ್ಹತೆ ಪಡೆದಿದ್ದ ಆಸ್ಟ್ರಿಯಾ ಹಿಂದೆ ಸರಿಯಿತು, ಎದುರಾಳಿ ಸ್ವೀಡನ್ ಆಡದೇ ಮುಂದೆ ಹೋಯಿತು. ಆಸ್ಟ್ರಿಯಾದ ಆಟಗಾರರನ್ನು ಸೇರಿಸಿಕೊಂಡ ಜರ್ಮನಿ ಮೊದಲ ಸುತ್ತಿನಲ್ಲೇ ಸ್ವಿಟ್ಜರ್ಲೆಂಡ್ ಎದುರು ಮರುಪಂದ್ಯದಲ್ಲಿ 4-2ರಿಂದ ಸೋತು ಮನೆಗೆ ಹೋಯಿತು. ಸಿಂಡೆಲಾರ್ ಅದರಲ್ಲಿ ಇರಲಿಲ್ಲ. ಕೋಚ್ ಹೆರ್‌ಬೆರ್ಗರ್ ಕರೆದಾಗ ವಯಸ್ಸು, ಮಂಡಿ ನೋವಿನ ಕಾರಣ ಹೇಳಿ ತಪ್ಪಿಸಿಕೊಂಡ. ಆಗ 35, ಕಾರಣ ಸುಳ್ಳೇನಲ್ಲ. ಮನಸ್ಸಿಲ್ಲ ಅಂತಲೇ ಹೆರ್‌ಬೆರ್ಗರ್‌ಗೂ ಅನ್ನಿಸಿತ್ತು. ಜರ್ಮನಿಯ ಅಂಗಿಯನ್ನು ಆತ ಒಮ್ಮೆಯೂ ತೊಡಲಿಲ್ಲ, ಅದು ನಿಜ. ಇಲ್ಲಿಗೆ ನಿಲ್ಲಿಸಿದ್ರೆ ಪೋಸ್ಟರ್ ರೆಡಿ. ಹೆಚ್ಚಿನವರು ನಿಲ್ಲಿಸೋದೂ ಇಲ್ಲೇ.

ಅದೇ ವರ್ಷದ ಆಗಸ್ಟ್‌ನಲ್ಲಿ ಸಿಂಡೆಲಾರ್ ಒಂದು ಕಾಫಿ ಹೌಸ್ ಕೊಂಡ. ಫಾವೊರಿಟನ್ನಿನ ಲಾಕ್ಸೆನ್‌ಬುರ್ಗರ್ ಬೀದಿಯಲ್ಲಿದ್ದ ಅದರ ಮಾಲೀಕರು ಲಿಯೊಪೋಲ್ಡ್ ಡ್ರಿಲ್, ಯಹೂದಿ. ಕೊಟ್ಟ ಬೆಲೆ 20,000 ರೈಖ್ಸ್‌ಮಾರ್ಕ್. ಆಗ ನಡೆಯುತ್ತಿದ್ದ ಪದ್ಧತಿಗೆ ಆರ್ಯೀಕರಣ ಅಂತ ಹೆಸರು. ಎಲ್ಲವೂ ಕಾನೂನು ಪ್ರಕಾರವೇ. ಏಪ್ರಿಲ್‌ನಲ್ಲಿ ಹೊರಬಿದ್ದ ಆದೇಶದಂತೆ 5,000 ರೈಖ್ಸ್‌ಮಾರ್ಕ್‌ಗಿಂತ ಹೆಚ್ಚಿನ ಆಸ್ತಿ ಇದ್ದ ಯಹೂದಿಗಳು ಅದನ್ನೆಲ್ಲ ಫಾರಂ ತುಂಬಿ ಘೋಷಿಸಬೇಕು. ವಿಯೆನ್ನಾದಲ್ಲಿ ಇದಕ್ಕಂತಲೇ ಒಂದು ಕಚೇರಿ ತೆರೆದರು. ಮಾರಾಟಕ್ಕೆ ಅದರ ಒಪ್ಪಿಗೆ ಬೇಕು, ಬೆಲೆ ಮಾರುಕಟ್ಟೆಗಿಂತ ಕಡಿಮೆ. ಬಂದ ಹಣವೂ ಸಾಮಾನ್ಯವಾಗಿ ಮಾರಿದವನ ಕೈಗೆ ಬರುವುದಿಲ್ಲ, ಸರ್ಕಾರ ಬೀಗ ಹಾಕಿದ ಖಾತೆಗೆ ಹೋಗುತ್ತೆ. ಹೆದರಿಸಿ ಮಾರಿಸಿದ್ದಕ್ಕೆ ರಶೀದಿ, ಸೀಲು, ಸಹಿ. ಎಂಜಿನಿಯರಿಂಗ್ ಓದಿದ ನನಗೆ ಈ ವ್ಯವಸ್ಥೆಯ ಅಚ್ಚುಕಟ್ಟು ನೋಡಿದಾಗ ಹೊಟ್ಟೆ ತೊಳಸುತ್ತೆ. ಪ್ರತಿ ಮೇಜಿನವನೂ ತನ್ನ ಕೆಲಸ ಮಾತ್ರ ಮಾಡಿದ್ದಾನೆ.

ಸಿಂಡೆಲಾರ್‌ನ ಅಭಿಮಾನಿಗಳು ಬಹುಕಾಲ ಇದಕ್ಕೂ ಒಂದು ಕಥೆ ಇಟ್ಟುಕೊಂಡಿದ್ದರು: ಹಳೆಯ ಯಹೂದಿ ಗೆಳೆಯನಿಗೆ ಸಹಾಯ ಮಾಡೋಕೆ ಅಂತ ನ್ಯಾಯವಾದ ಬೆಲೆ ಕೊಟ್ಟು ಕೊಂಡ ಅಂತ. ಇತಿಹಾಸಕಾರರು ದಾಖಲೆ ತೆಗೆದು ನೋಡಿದಾಗ ಆ ಕಥೆ ನಿಲ್ಲಲಿಲ್ಲ. ಅದೂ ಉಳಿದವುಗಳಂತೆ ಒಂದು ಆರ್ಯೀಕರಣವೇ. ಡ್ರಿಲ್ ಅವರನ್ನು ಮುಂದೆ ಟೆರೇಸಿನ್‌ಸ್ಟಾಟ್ ಶಿಬಿರಕ್ಕೆ ಸಾಗಿಸಿದರು. 1943ರಲ್ಲಿ ಅವರು ಅಲ್ಲೇ ಸತ್ತರು.

ಹಾಗಾದ್ರೆ ಸಿಂಡೆಲಾರ್ ನಾಜಿಯಾ? ಅಲ್ಲ ಅಂತಲೇ ನನ್ನ ಅಭಿಪ್ರಾಯ. ಶ್ವಾರ್ಟ್ಸ್‌ಗೆ ನಮಸ್ಕಾರ ಹೇಳಿದವನೂ ಡ್ರಿಲ್ ಅಂಗಡಿ ಕೊಂಡವನೂ ಒಬ್ಬನೇ ಆಗಿರಬಹುದು. ಆಡುವ ಕಾಲ ಮುಗೀತಾ ಬಂದಿತ್ತು, ಹೊಸ ಆಡಳಿತ ವೃತ್ತಿಪರ ಫುಟ್ಬಾಲನ್ನೇ ರದ್ದುಮಾಡಿತ್ತು, ಸಂಬಳ ನಿಂತಿತ್ತು. ಕಾಫಿ ಹೌಸ್ ಇಡೋದು ನಿವೃತ್ತ ಆಟಗಾರರ ಹಳೆಯ ಕನಸು, ನಮ್ಮಲ್ಲಿ ಪೆಟ್ರೋಲ್ ಬಂಕ್ ಇದ್ದ ಹಾಗೆ. ಅವಕಾಶ ಬಂತು, ಕಡಿಮೆಗೆ ಸಿಕ್ಕಿತು, ತಗೊಂಡ. ನಾನು ಕೊಳ್ಳದಿದ್ರೆ ಇನ್ನೊಬ್ಬ ಕೊಳ್ತಾನೆ ಅಂತ ಅಂದುಕೊಂಡಿರಬಹುದು. ಆ ಮಾತು ನಿಜವೂ ಆಗಿತ್ತು. ಅಂಥ ನಿಜಗಳಿಂದಲೇ ಆ ವರ್ಷ ವಿಯೆನ್ನಾದ ಸಾವಿರಾರು ಅಂಗಡಿಗಳ ಬೋರ್ಡು ಬದಲಾದವು. ನಾಜಿಗಳನ್ನು ದ್ವೇಷಿಸುತ್ತಲೇ ಅವರು ಮಾಡಿದ ಅನ್ಯಾಯದ ಲಾಭ ತಗೊಳ್ಳೋಕೆ ಆಗುತ್ತೆ. ಕುಣಿದನೋ ಇಲ್ಲವೋ ಅನ್ನೋದಕ್ಕಿಂತ ಈ ಪ್ರಶ್ನೆ ನಮಗೆ ಹತ್ತಿರದ್ದು. ಪ್ರತಿರೋಧ ಅಂದ್ರೆ ಸ್ಟೇಡಿಯಂನಲ್ಲಿ ಅರವತ್ತು ಸಾವಿರ ಜನರ ಮುಂದೆ ಮಾಡೋದು ಅಂದುಕೊಂಡಿದ್ದೀವಿ. ಕಚೇರಿಯ ಮೇಜಿನ ಮುಂದೆ ಪೆನ್ನು ಹಿಡಿದಾಗ ಯಾರೂ ನೋಡ್ತಿರಲ್ಲ.

1938ರ ಡಿಸೆಂಬರ್ 26ರಂದು ಬರ್ಲಿನ್‌ನಲ್ಲಿ ಹೆರ್ತಾ ಬರ್ಲಿನ್ ವಿರುದ್ಧ ಕೊನೆಯ ಪಂದ್ಯ ಆಡಿ ಒಂದು ಗೋಲು ಹೊಡೆದ. ನಾಲ್ಕು ವಾರ ಕಳೆದು, 1939ರ ಜನವರಿ 23ರ ಬೆಳಿಗ್ಗೆ, ವಿಯೆನ್ನಾದ ಅನ್ನಾಗಾಸ್ಸೆಯ ಒಂದು ಫ್ಲಾಟಿನ ಬಾಗಿಲು ಒಡೆದು ಒಳಹೋದ ಗೆಳೆಯನೊಬ್ಬ ಸಿಂಡೆಲಾರ್ ಹಾಸಿಗೆಯಲ್ಲಿ ಸತ್ತಿರುವುದನ್ನು ಕಂಡ. ಪಕ್ಕದಲ್ಲಿ ಪ್ರಜ್ಞೆ ತಪ್ಪಿದ್ದ ಗೆಳತಿ, ಇಟಲಿಯ ಕಮಿಲ್ಲಾ ಕಸ್ತಾನ್ಯೋಲಾ, ಆಸ್ಪತ್ರೆಯಲ್ಲಿ ತೀರಿಕೊಂಡಳು. ಕೆಟ್ಟ ಚಿಮಣಿಯಿಂದ ಕಾರ್ಬನ್ ಮೊನಾಕ್ಸೈಡ್ ಅನಿಲ ಕೋಣೆ ತುಂಬಿತ್ತು ಅಂತ ಪೊಲೀಸರು ಬರೆದರು. ಅಕ್ಕಪಕ್ಕದವರು ಚಿಮಣಿ ಬಗ್ಗೆ ಮೊದಲೇ ದೂರು ಹೇಳಿದ್ದರಂತೆ. ಊರು ನಂಬಲಿಲ್ಲ. ನಾಜಿಗಳು ಕೊಂದರು ಅಂದರು ಕೆಲವರು. ದೇಶ ಹೋದ ದುಃಖಕ್ಕೆ ತಾನೇ ಜೀವ ತಕ್ಕೊಂಡ ಅಂದರು ದೇಶ ಬಿಟ್ಟು ಹೋಗಿದ್ದ ಲೇಖಕರು. ಬಹಳ ವರ್ಷದ ಮೇಲೆ ಒಬ್ಬ ಗೆಳೆಯ, ಸರ್ಕಾರಿ ಗೌರವದ ಅಂತ್ಯಕ್ರಿಯೆ ಸಿಗಲಿ ಅಂತ ಅಧಿಕಾರಿಗೆ ಲಂಚ ಕೊಟ್ಟು ಅಪಘಾತ ಅಂತ ಬರೆಸಿದೆವು ಅಂದ. ಚಳಿಗಾಲದಲ್ಲಿ ಇಂಥ ಸಾವು ಹೊಸದಲ್ಲ; ನಮ್ಮಲ್ಲೂ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿ ಮಲಗಿದವರ ಸುದ್ದಿ ಆಗಾಗ ಓದುತ್ತೇವೆ. ನನಗೆ ಚಿಮಣಿಯ ಮೇಲೇ ಅನುಮಾನ. ನಾಯಕ ಇಷ್ಟು ಸಾಮಾನ್ಯವಾಗಿ ಸಾಯಬಾರದು ಅಂತ ಜನಕ್ಕೆ ಅನ್ನಿಸೋದೂ ಅರ್ಥವಾಗುತ್ತೆ.

ಅಂತ್ಯಕ್ರಿಯೆಗೆ ಸುಮಾರು 15,000 ಜನ ಬಂದರು. ಗುಂಪು ಸೇರುವುದೇ ಅಪಾಯವಾಗಿದ್ದ ಊರಲ್ಲಿ ಅಷ್ಟು ಜನ ಮೌನವಾಗಿ ನಡೆದದ್ದನ್ನು ಪ್ರತಿಭಟನೆ ಅಂತ ಓದುವವರಿದ್ದಾರೆ. ಬಂದವರಲ್ಲಿ ಹೊಸದಾಗಿ ಅಂಗಡಿ ಕೊಂಡವರು ಎಷ್ಟು ಜನ ಇದ್ದರೋ.

ಆಸ್ಟ್ರಿಯಾದ 20ನೇ ಶತಮಾನದ ಅತ್ಯುತ್ತಮ ಫುಟ್ಬಾಲ್ ಆಟಗಾರ ಅಂತ ಸಿಂಡೆಲಾರ್‌ನನ್ನು ಆರಿಸಿದ್ದಾರೆ. ಫಾವೊರಿಟನ್ನಿನಲ್ಲಿ ಅವನ ಹೆಸರಿನ ಬೀದಿ ಇದೆ, ವಿಯೆನ್ನಾದ ದೊಡ್ಡ ಸ್ಮಶಾನದಲ್ಲಿ ಸಮಾಧಿ ಇದೆ. ಹಕೋವಾ ಸ್ಥಾಪಕರಲ್ಲೊಬ್ಬರಾದ ಹಾಡುಗಳ ಕವಿ ಫ್ರಿಟ್ಸ್ ಲ್ಯೋನರ್-ಬೇಡಾ 1942ರಲ್ಲಿ ಆಷ್ವಿಟ್ಸ್ ಶಿಬಿರದಲ್ಲಿ ಸತ್ತರು. ಆಸ್ಟ್ರಿಯಾದ ಸುಮಾರು 65,000 ಯಹೂದಿಗಳ ಗತಿ ಹೀಗೆಯೇ ಆಯಿತು. ಕಿತ್ತುಕೊಂಡಿದ್ದ ಪ್ರಾಟರ್ ಜಾಗದಲ್ಲಿ ಹಕೋವಾ ಮತ್ತೆ ಕ್ರೀಡಾ ಕೇಂದ್ರ ತೆರೆದದ್ದು 2008ರಲ್ಲಿ, ಎಪ್ಪತ್ತು ವರ್ಷದ ಮೇಲೆ. ಜಾಗ ಸಿಕ್ಕಿತು. 1937-38ರ ಎರಡನೇ ಡಿವಿಷನ್‌ನಲ್ಲಿ ಅದು ಆಡಿ ಗಳಿಸಿದ ಅಂಕಗಳು ಇವತ್ತಿಗೂ ರದ್ದಾಗಿಯೇ ಇವೆ.